ಬ್ರೆಡ್ಡಿನ ಬೂಷ್ಟು ಮತ್ತು ರಕ್ತದ ಸಕ್ಕರೆ

ಬನ್ನೇರುಘಟ್ಟ ರಸ್ತೆಯ ಬೇಕರಿಯಿಂದ ರೋಗಿಗೆಂದು ತಂದ ಬ್ರೆಡ್ಡನ್ನು ಮಳೆಗಾಲದಲ್ಲಿ ಕೆಲವು ದಿನ ಹಾಗೆಯೇ ಇಟ್ಟರೆ ಹಸಿರು ಅಥವಾ ಕಪ್ಪು ಬೂಷ್ಟು ಬರುವುದನ್ನು ತಾವು ನೋಡಿರಬಹುದು. ಈ ಬೂಷ್ಟು ಒಂದು ಶಿಲೀಂಧ್ರ. ಅಣಬೆ, ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್, ಚರ್ಮದ ಹುಳುಕಡ್ಡಿಗೆ ಕಾರಣವಾದ ಜೀವಿ, ಇವೆಲ್ಲವೂ ಅದೇ ಬಳಗಕ್ಕೆ ಸೇರಿವೆ.

ಶಿಲೀಂಧ್ರ ಹೇಗೆ ಬದುಕುತ್ತದೆ?

ಗಿಡಗಳು ಪತ್ರಹರಿತ್ತಿನ ಸಹಾಯದಿಂದ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುತ್ತವೆ. ಶಿಲೀಂಧ್ರಕ್ಕೆ ಪತ್ರಹರಿತ್ತೂ ಇಲ್ಲ, ಬಾಯಿ ಹೊಟ್ಟೆಗಳೂ ಇಲ್ಲ. ಅದು ಕಿಣ್ವಗಳನ್ನು ಹೊರಕ್ಕೆ ಸುರಿಸಿ, ಆಹಾರವನ್ನು ಹೊರಗೇ ಕರಗಿಸಿ, ನಂತರ ಹೀರಿಕೊಳ್ಳುತ್ತದೆ. ಅದರ ಎಳೆಗಳು ಬ್ರೆಡ್ಡಿನೊಳಗೆ ಕಣ್ಣಿಗೆ ಕಾಣದಂತೆ ಹಬ್ಬಿರುತ್ತವೆ. ಆದ್ದರಿಂದ ಬೂಷ್ಟು ಬಂದಷ್ಟನ್ನು ಕಿತ್ತು ಉಳಿದದ್ದನ್ನು ತಿನ್ನಬಾರದು.

ಚಯಾಪಚಯ ಎಂದರೇನು?

ನಾವು ತಿಂದ ಮುದ್ದೆ, ಅನ್ನ, ಚಪಾತಿ ಕರುಳಿನಲ್ಲಿ ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತ ಸೇರುತ್ತವೆ. ಜೀವಕೋಶಗಳು ಅದನ್ನು ಒಡೆದು ಶಕ್ತಿ ಪಡೆಯುತ್ತವೆ. ಆ ಶಕ್ತಿಯಿಂದ ದೇಹವನ್ನು ಕಟ್ಟುತ್ತವೆ. ಒಡೆಯುವ ಮತ್ತು ಕಟ್ಟುವ ಈ ಎಲ್ಲ ಕ್ರಿಯೆಗಳಿಗೆ ಚಯಾಪಚಯ ಎನ್ನುತ್ತಾರೆ. ಸ್ನಾಯುಗಳ ಜೀವಕೋಶಗಳು ಗ್ಲೂಕೋಸನ್ನು ಸರಿಯಾಗಿ ಪಡೆಯಲು ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇದೇ ಮಧುಮೇಹ.

ಇವೆರಡಕ್ಕೂ ಏನು ಸಂಬಂಧ?

2021ರಲ್ಲಿ ಕೋವಿಡ್ ಎರಡನೇ ಅಲೆಯ ಸಮಯದಲ್ಲಿ ‘ಕಪ್ಪು ಶಿಲೀಂಧ್ರ’ ರೋಗ ಅನೇಕರನ್ನು ಕಾಡಿತು. ಆ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಇದನ್ನು ತರುವ ಶಿಲೀಂಧ್ರಗಳು ಬ್ರೆಡ್ಡಿನ ಕಪ್ಪು ಬೂಷ್ಟಿನ ಹತ್ತಿರದ ಸಂಬಂಧಿಗಳು. ಇವುಗಳ ಬೀಜಕಣಗಳು ಮಣ್ಣಿನಲ್ಲಿ, ಗಾಳಿಯಲ್ಲಿ ಇದ್ದೇ ಇರುತ್ತವೆ. ಆರೋಗ್ಯವಂತರ ಬಿಳಿ ರಕ್ತಕಣಗಳು ಅವನ್ನು ಕೊಲ್ಲುತ್ತವೆ. ಸಕ್ಕರೆ ಹತೋಟಿ ತಪ್ಪಿದಾಗ ಈ ಕಾವಲು ಕುಗ್ಗುತ್ತದೆ. ಸ್ಟೀರಾಯ್ಡ್ ಔಷಧಿಯು ಕೋವಿಡ್ ರೋಗಿಗಳ ಜೀವ ಉಳಿಸಿದರೂ, ಸಕ್ಕರೆಯನ್ನು ಏರಿಸಿ ಕಾವಲನ್ನು ಇನ್ನಷ್ಟು ತಗ್ಗಿಸುತ್ತಿತ್ತು. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯನ್ನು ದೂರವಿಡಬೇಡಿ.

ತಾವು ನೆನಪಿಡಬೇಕಾದದ್ದು

1. ವೈದ್ಯರನ್ನು ಕೇಳದೆ ಇನ್ಸುಲಿನ್, ಮಾತ್ರೆ ನಿಲ್ಲಿಸಬೇಡಿ.

2. ಬೆರಳ ಸಂದು, ತೊಡೆಸಂದುಗಳನ್ನು ಒಣಗಿಸಿಕೊಳ್ಳಿ. ಅಲ್ಲಿ ತುರಿಕೆ ಮರುಕಳಿಸುತ್ತಿದ್ದರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

3. ಹುಳುಕಡ್ಡಿಗೆ ಔಷಧಿ ಅಂಗಡಿಯಲ್ಲಿ ಕೇಳಿ ಮುಲಾಮು ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತುರಿಕೆ ತಗ್ಗಿದಂತೆ ಕಂಡರೂ ರೋಗ ಹರಡುತ್ತದೆ. ತುರಿಕೆ ನಿಂತ ಕೂಡಲೇ ಔಷಧಿಯನ್ನೂ ಬಿಡಬೇಡಿ; ವೈದ್ಯರು ಹೇಳಿದಷ್ಟು ದಿನ ಬಳಸಿ.

4. ಮಧುಮೇಹಿಗಳಲ್ಲಿ ಮುಖದ ಒಂದು ಕಡೆ ನೋವು ಅಥವಾ ಊತ, ಮೂಗಿನಿಂದ ಕಪ್ಪು ಸ್ರಾವ, ಅಂಗುಳಿನಲ್ಲಿ ಕಪ್ಪು ಕಲೆ, ಕಣ್ಣಿಗೆ ಒಂದು ಎರಡಾಗಿ ಕಾಣುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ನಾಳೆಗೆಂದು ಬಿಟ್ಟರೆ ಕಣ್ಣಿಗೂ ಜೀವಕ್ಕೂ ಅಪಾಯ.