ಮುಚ್ಚಿದ ತೊಟ್ಟಿಯಲ್ಲಿ ಎಣ್ಣೆ ಎಷ್ಟಿದೆ?



ಮಣಿಕೊಂಡದವರಾದ ನಮಗೆ ಗಂಡಿಪೇಟೆಯ ಕೆರೆ ಹತ್ತಿರ. ೧೯೨೦ರಲ್ಲಿ ಕಟ್ಟಿ ಮುಗಿಸಿದ ಈ ಉಸ್ಮಾನ್ ಸಾಗರದ ಪೂರ್ಣ ಮಟ್ಟ ೧೭೯೦ ಅಡಿ. ಮಳೆಗಾಲದಲ್ಲಿ ನೀರು ಎಷ್ಟು ಅಡಿಗೆ ಏರಿತೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಕೆರೆ ತೆರೆದದ್ದು, ಅಳತೆ ಸುಲಭ. ಆದರೆ ತೈಲಬಾವಿಗಳ ಬಳಿಯ ತೊಟ್ಟಿಗಳೂ ನಮ್ಮ ನಗರದ ಚೆರ್ಲಪಲ್ಲಿಯ ಪೆಟ್ರೋಲು ಉಗ್ರಾಣದ ತೊಟ್ಟಿಗಳೂ ಉಕ್ಕಿನ ಗೋಡೆಯವು, ಮೇಲೆ ಮುಚ್ಚಿದವು. ಅವುಗಳೊಳಗಿನ ಮಟ್ಟವನ್ನು ತಿಳಿಯುವುದು ಹೇಗೆ? ಈ ಸಲದ ಪಾಠ ಇದೇ.

ಗಿರಣಿಯಲ್ಲಿ ದಾಸ್ತಾನು ಬರೆಯುವ ನಮ್ಮಂಥವರಿಗೆ ಮೊದಲು ತೋರುವುದು ಲೆಕ್ಕ. ೧೦ ಮೀಟರು ವ್ಯಾಸದ ದುಂಡು ತೊಟ್ಟಿಯಲ್ಲಿ ಒಂದು ಮಿಲಿಮೀಟರು ಎತ್ತರವೆಂದರೆ ಸುಮಾರು ೭೮ ಲೀಟರು. ಒಂದು ಸೆಂಟಿಮೀಟರು ತಪ್ಪಿದರೆ ೭೮೫ ಲೀಟರು ಪುಸ್ತಕದಲ್ಲಿ ಹೆಚ್ಚುಕಡಿಮೆಯಾಯಿತು. ಲೆಕ್ಕಕ್ಕಿಂತ ದೊಡ್ಡದು ಪ್ರಾಣದ ಮಾತು; ಅದನ್ನು ಮುಂದೆ ಹೇಳುತ್ತೇವೆ.

೧. ಅಳತೆಪಟ್ಟಿ. ಮೇಲಿನ ಕಿಂಡಿಯಿಂದ ತೂಕ ಕಟ್ಟಿದ ಉಕ್ಕಿನ ಪಟ್ಟಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಎಣ್ಣೆ ಎಲ್ಲಿಯವರೆಗೆ ಹತ್ತಿದೆಯೆಂದು ನೋಡುವುದು. ತಳದಲ್ಲಿ ನೀರು ನಿಂತಿದ್ದರೆ, ನೀರು ತಾಗಿದೊಡನೆ ಬಣ್ಣ ಬದಲಿಸುವ ಲೇಪವನ್ನು ಪಟ್ಟಿಗೆ ಹಚ್ಚಿ ಅದನ್ನೂ ಅಳೆಯಬಹುದು.

೨. ಗಾಜಿನ ಕೊಳವೆ. ಒಂದಕ್ಕೊಂದು ಕೂಡಿದ ಪಾತ್ರೆಗಳಲ್ಲಿ ಒಂದೇ ದ್ರವ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗಿರಣಿಯ ಬಾಯ್ಲರಿನ ಪಕ್ಕದ ಗಾಜೂ ಇದೇ ತತ್ವದ್ದು. ಆದರೆ ಕಚ್ಚಾ ತೈಲ ಗಾಜನ್ನು ಕಪ್ಪಾಗಿಸುತ್ತದೆ. ಗಾಜು ಒಡೆದರೆ ಎಣ್ಣೆ ಹೊರಗೆ.

೩. ತೇಲುಗುಂಡು. ಎಣ್ಣೆಯ ಮೇಲೆ ತೇಲುವ ಗುಂಡಿಗೆ ಸರಿಗೆ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ಹೊರಗೆ ಸೂಚಿಯನ್ನು ತೂಗಬಿಡುತ್ತಾರೆ. ಗುಂಡು ಏರಿದರೆ ಸೂಚಿ ಇಳಿಯುತ್ತದೆ. ಆದ್ದರಿಂದ ಹೊರಗಿನ ಹಲಗೆಯಲ್ಲಿ ಅಂಕಿಗಳು ತಲೆಕೆಳಗು.

೪. ಒತ್ತಡ. ೧೦ ಮೀಟರು ನೀರು ತಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತುತ್ತದೆ. ನೀರಿನ ೦.೮೫ರಷ್ಟು ಸಾಂದ್ರತೆಯ ಎಣ್ಣೆಯಾದರೆ ಅಷ್ಟೇ ಒತ್ತಡಕ್ಕೆ ಸುಮಾರು ೧೧.೮ ಮೀಟರು ಬೇಕು. ಆದ್ದರಿಂದ ಎಣ್ಣೆಯ ಸಾಂದ್ರತೆ ತಿಳಿಯದೆ ಒತ್ತಡದಿಂದ ಮಟ್ಟ ಹೇಳಲಾಗದು.

೫. ರೇಡಾರು. ಮೇಲಿನಿಂದ ಬಿಟ್ಟ ರೇಡಿಯೋ ಅಲೆ ಎಣ್ಣೆಯ ಮೈಗೆ ತಾಗಿ ಹಿಂದಿರುಗುವ ಕಾಲದಿಂದ ದೂರವನ್ನು ಗುಣಿಸುತ್ತಾರೆ. ಉಪಕರಣ ಎಣ್ಣೆಯನ್ನು ಮುಟ್ಟಬೇಕಾಗಿಲ್ಲ.

೬. ಶಾಖ. ಅಡುಗೆ ಅನಿಲದ ಸಿಲಿಂಡರಿಗೆ ಒದ್ದೆಬಟ್ಟೆ ಒರೆಸಿ ನೋಡಿರಿ. ದ್ರವವಿರುವ ಭಾಗದ ತೇವ ತಡವಾಗಿ ಆರುತ್ತದೆ. ದ್ರವ ಬೇಗ ಕಾಯುವುದಿಲ್ಲ, ಬೇಗ ತಣಿಯುವುದೂ ಇಲ್ಲ. ಬಿಸಿಲೇರಿದ ಮೇಲೆ ದೊಡ್ಡ ತೊಟ್ಟಿಯ ಖಾಲಿ ಭಾಗದ ಗೋಡೆ ಮೊದಲು ಕಾಯುತ್ತದೆ. ರಾತ್ರಿ ಅದೇ ಮೊದಲು ತಣ್ಣಗಾಗುತ್ತದೆ. ಶಾಖವನ್ನು ಕಾಣುವ ಕ್ಯಾಮರಾ ಈ ಗೆರೆಯನ್ನು ದೂರದಿಂದಲೇ ತೋರಿಸುತ್ತದೆ. ಎರಡೂ ಭಾಗ ಸಮಶಾಖಕ್ಕೆ ಬರುವ ಹೊತ್ತಿನಲ್ಲಿ ಮಾತ್ರ ಗೆರೆ ಮಾಯ.

ಇಷ್ಟು ವಿಧಾನಗಳೇಕೆ, ಅಳತೆಪಟ್ಟಿ ಸಾಲದೇ ಎಂದು ಕೇಳಬಹುದು. ಕಿಂಡಿ ತೆರೆದೊಡನೆ ಒಳಗಿನ ಆವಿ ಮೇಲಕ್ಕೆ ನುಗ್ಗುತ್ತದೆ. ಅದರಲ್ಲಿ ಉಸಿರಿಗೆ ಬೇಕಾದ ಆಮ್ಲಜನಕ ಕಡಿಮೆ. ೨೦೧೦ರಿಂದ ೨೦೧೪ರವರೆಗೆ ಅಮೆರಿಕದ ತೈಲಕ್ಷೇತ್ರಗಳಲ್ಲಿ ಮಟ್ಟ ಅಳೆಯಲೋ ಮಾದರಿ ತೆಗೆಯಲೋ ತೊಟ್ಟಿಯ ಬಳಿಗೆ ಹೋದ ಒಂಬತ್ತು ಕೆಲಸಗಾರರು ಸತ್ತರು. ೨೦೧೬ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಗಳು ಈ ಬಗ್ಗೆ ಎಚ್ಚರಿಕೆ ಹೊರಡಿಸಿದವು. ವಾಸನೆಯಿಂದ ಅಪಾಯ ತಿಳಿಯುತ್ತದೆಂದು ನಂಬಬಾರದು. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಅಡಗಿಸುತ್ತದೆ.

ಹಾಗೆಂದು ಯಂತ್ರವೊಂದನ್ನೇ ನಂಬುವುದೂ ತರವಲ್ಲ. ೨೦೦೫ರ ಡಿಸೆಂಬರ್ ೧೧ರ ಬೆಳಗಿನ ಜಾವ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಉಗ್ರಾಣದ ೯೧೨ನೆಯ ತೊಟ್ಟಿಗೆ ಪೆಟ್ರೋಲು ತುಂಬುತ್ತಿತ್ತು. ಮಟ್ಟಮಾಪಕ ಸಿಕ್ಕಿಕೊಂಡು ಒಂದೇ ಅಂಕಿಯನ್ನು ತೋರುತ್ತಿತ್ತು. ಹರಿವನ್ನು ತಡೆಯಬೇಕಾಗಿದ್ದ ಬೇರೊಂದು ಸ್ವಿಚ್ಚೂ ಕೆಲಸ ಮಾಡಲಿಲ್ಲ. ಪೆಟ್ರೋಲು ಉಕ್ಕಿ, ಆವಿ ಮೋಡದಂತೆ ಹರಡಿ, ಆರು ಗಂಟೆಯ ಸುಮಾರಿಗೆ ಸಿಡಿಯಿತು. ನಲವತ್ತಕ್ಕೂ ಹೆಚ್ಚು ಮಂದಿಗೆ ಗಾಯ, ಯಾರೂ ಸಾಯಲಿಲ್ಲ. ತೊಟ್ಟಿಗೆ ಎಣ್ಣೆ ಹರಿಯುತ್ತಿದ್ದರೂ ಅಂಕಿ ಏರದಿದ್ದರೆ ಒಡನೆ ಸಂಶಯಪಡಬೇಕು.

ಆದುದರಿಂದ ನೆನಪಿಡತಕ್ಕ ಮಾತು ಎರಡು. ಮಟ್ಟವನ್ನು ಎರಡು ಬೇರೆ ಬೇರೆ ತತ್ವದ ಸಾಧನಗಳಿಂದ ತಾಳೆ ನೋಡಬೇಕು. ತೊಟ್ಟಿಯ ಕಿಂಡಿಯನ್ನು ಯಾರೂ ಒಂಟಿಯಾಗಿ ತೆರೆಯಕೂಡದು. ಅನಿಲಮಾಪಕ, ಜೊತೆಗಾರ, ತಕ್ಕ ಉಸಿರಿನ ಸಾಧನ ಇರಲೇಬೇಕು. ನಮ್ಮ ಮನೆಗಳಿಂದ ತೈಲಕ್ಷೇತ್ರಗಳಿಗೆ ಕೆಲಸಕ್ಕೆ ಹೋಗುವ ತರುಣರಿಗೆ ಹಿರಿಯರು ಇದನ್ನು ಓದಿ ಹೇಳಲಿ.

ಅಭ್ಯಾಸ: ಒಂದು ಮೀಟರು ವ್ಯಾಸದ ನೀರಿನ ತೊಟ್ಟಿಯಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು ೭.೮೫ ಲೀಟರು. ನಿಮ್ಮ ಮಾಳಿಗೆಯ ತೊಟ್ಟಿಗೆ ಎಷ್ಟು? ಕೆಳಗಿನಿಂದಲೇ ವ್ಯಾಸ ಅಳೆದು, ಗುಣಿಸಿ, ವಾಚನಾಲಯಕ್ಕೆ ಬಂದಾಗ ತೋರಿಸಿರಿ. ಕೂಡಿ ತಾಳೆ ನೋಡೋಣ.