ಕೀಲುವಾತ ಮತ್ತು ತೋಟದ ಮನೆಯ ದಿನಚರಿ

ತೋಟದ ಕೆಲಸ ಮಾಡಿ ಕೈಕಾಲು ನೋಯದವರು ನಮ್ಮಲ್ಲಿ ಯಾರೂ ಇರಲಾರರು. ಆದುದರಿಂದ ಕೀಲು ನೋವೆಂದರೆ ದುಡಿಮೆಯ ಫಲ, ಇಲ್ಲವೆ ಮಳೆಗಾಲದ ಶೀತ, ಇಲ್ಲವೆ ವಾಯು ಎಂದು ಎಣ್ಣೆ ಹಚ್ಚಿಕೊಂಡು ಸುಮ್ಮನಿರುವುದು ವಾಡಿಕೆ. ಹಲವರ ಮಟ್ಟಿಗೆ ಇದು ಸರಿಯೂ ಹೌದು. ಆದರೆ ದುಡಿಮೆಯಿಂದ ಬಾರದ ಕೀಲುನೋವೊಂದಿದೆ. ವೈದ್ಯರು ಅದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ; ನಾವಿಲ್ಲಿ ಕೀಲುವಾತ ಎಂದು ಕರೆಯೋಣ. ಇದನ್ನು ದುಡಿಮೆಯ ನೋವೆಂದು ಬಗೆದು ಒಂದೆರಡು ವರ್ಷ ಕಳೆದರೆ ಹಾಳಾದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ಬೇಗ ಗುರುತಿಸಿದರೆ ಅದೇ ಕೈ ಹತ್ತಾರು ವರ್ಷ ಕೆಲಸಕ್ಕೆ ಬರುತ್ತದೆ.

ನಮ್ಮ ಮೈಯಲ್ಲಿ ರೋಗಾಣುಗಳೊಡನೆ ಹೋರಾಡುವ ಒಂದು ಕಾವಲು ವ್ಯವಸ್ಥೆ ಇದೆಯಷ್ಟೆ. ಈ ಕಾಯಿಲೆಯಲ್ಲಿ ಆ ಕಾವಲು ದಾರಿ ತಪ್ಪಿ, ಕೀಲಿನ ಒಳಗಿರುವ ತೆಳು ಪೊರೆಯ ಮೇಲೆಯೇ ಎರಗುತ್ತದೆ. ಪೊರೆ ಉರಿಯೂತದಿಂದ ದಪ್ಪವಾಗಿ, ಕ್ರಮೇಣ ಮೃದ್ವಸ್ಥಿಯನ್ನೂ ಎಲುಬಿನ ಅಂಚನ್ನೂ ತಿನ್ನುತ್ತದೆ. ಸಾಮಾನ್ಯವಾಗಿ ಇನ್ನೂರು ಮಂದಿಯಲ್ಲಿ ಒಬ್ಬಿಬ್ಬರಿಗೆ ಇದು ಬರುವುದುಂಟು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮೂವತ್ತರಿಂದ ಅರವತ್ತರ ಒಳಗಿನವರಲ್ಲಿ, ಎಂದರೆ ಮನೆ-ತೋಟ ಎರಡನ್ನೂ ಹೊತ್ತಿರುವ ವಯಸ್ಸಿನವರಲ್ಲಿ, ಶುರುವಾಗುವುದೇ ಹೆಚ್ಚು.

ಗುರುತಿಸುವ ಬಗೆ ಹೇಗೆ? ಸವೆದ ಮಂಡಿಯ ನೋವು ಕೆಲಸ ಮಾಡಿದಷ್ಟೂ ಏರುತ್ತದೆ, ಕೂತರೆ ಇಳಿಯುತ್ತದೆ. ಕೀಲುವಾತದ್ದು ಇದಕ್ಕೆ ತಿರುಗುಮುರುಗು. ರಾತ್ರಿಯೆಲ್ಲ ಮಲಗಿ ಎದ್ದಾಗಲೇ ಬಿಗಿತ ಹೆಚ್ಚು; ಮುಷ್ಟಿ ಕಟ್ಟಲಾಗದು, ಹಾಲು ಕರೆಯಲಾಗದು, ತಪ್ಪಲೆ ಹಿಡಿಯಲಾಗದು. ಅರ್ಧ ಗಂಟೆ, ಒಂದು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಕಳೆದ ಮೇಲೆ ಕೈ ಸಡಿಲವಾಗುತ್ತದೆ. ಬೆರಳ ಬುಡದ ಮತ್ತು ನಡುವಿನ ಗೆಣ್ಣುಗಳು, ಮಣಿಕಟ್ಟು, ಪಾದದ ಮುಂಭಾಗ ಇವು ಎರಡೂ ಕಡೆ ಊದಿಕೊಳ್ಳುತ್ತವೆ. ಒತ್ತಿದರೆ ಎಲುಬಿನಂತೆ ಗಟ್ಟಿಯಾಗಿರದೆ ಮೆತ್ತಗಿರುತ್ತದೆ. ಜೊತೆಗೆ ವಿಪರೀತ ಆಯಾಸ. ಹತ್ತು ಗಂಟೆಯ ಹೊತ್ತಿಗೆ ಓಡಾಡುತ್ತಿರುವವರನ್ನು ಕಂಡು ‘ಬೆಳಿಗ್ಗೆ ಮಾತ್ರ ಇವರಿಗೆ ನೋವು’ ಎಂದು ಮನೆಯವರೇ ಹಂಗಿಸುವುದುಂಟು. ಆ ಬೆಳಗಿನ ನೋವೇ ಕಾಯಿಲೆಯ ಕುರುಹು ಎಂಬುದನ್ನು ಮನೆಯವರು ತಿಳಿದಿರತಕ್ಕದ್ದು.

ಚಿಕೂನ್‌ಗುನ್ಯ ಜ್ವರ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಇದೇ ರೀತಿ ಕೀಲು ಹಿಡಿಯುತ್ತದೆ. 2006ರಲ್ಲಿ ಆ ಜ್ವರ ನಮ್ಮ ರಾಜ್ಯದಲ್ಲಿ ಹಬ್ಬಿದ್ದನ್ನು ಅನೇಕರು ಮರೆತಿರಲಾರರು. ಆದ್ದರಿಂದ ಹಿಂದೆ ಜ್ವರ ಬಂದಿದ್ದರೆ ವೈದ್ಯರಿಗೆ ಹೇಳಬೇಕು. ಸಾಗರ ಸೀಮೆಯ ಹಂದಿಗೋಡು ಕಾಯಿಲೆ ಬೇರೆಯದು. ಅದು ವಂಶದಲ್ಲಿ ಹರಿದು ಬರುವ ಎಲುಬಿನ ದೋಷ.

ಆರು ವಾರ ಕಳೆದರೂ ಊತ ಇಳಿಯದಿದ್ದರೆ ಫಿಜಿಶಿಯನ್ ಬಳಿಗೆ ಹೋಗಬೇಕು. ಅವರು ರಕ್ತದಲ್ಲಿ ಇ.ಎಸ್.ಆರ್., ಸಿ.ಆರ್.ಪಿ., ರುಮಟಾಯ್ಡ್ ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಇವನ್ನು ನೋಡುತ್ತಾರೆ. ಫ್ಯಾಕ್ಟರ್ ‘ನೆಗೆಟಿವ್’ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಹಿಂತಿರುಗಕೂಡದು. ಅನುಕೂಲವಿದ್ದರೆ ದೊಡ್ಡ ಊರಿನಲ್ಲಿರುವ ಕೀಲುವಾತ ತಜ್ಞರನ್ನು ಒಮ್ಮೆ ಕಂಡು, ಅನಂತರದ ತಪಾಸಣೆಗಳನ್ನು ಹತ್ತಿರದಲ್ಲಿಯೇ ಮಾಡಿಸಿಕೊಳ್ಳಬಹುದು.

ಔಷಧಿಯ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ತಪ್ಪುಗಳು ಆಗುವುದು ಇಲ್ಲಿಯೇ. ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆಯೇ ಹೊರತು ಕೀಲನ್ನು ಉಳಿಸುವುದಿಲ್ಲ. ಕೀಲು ಉಳಿಸುವ ಮದ್ದುಗಳಲ್ಲಿ ಮುಖ್ಯವಾದುದು ಮೆಥೋಟ್ರೆಕ್ಸೇಟ್. ಹಳೆಯ ಮದ್ದು, ಬೆಲೆಯೂ ಹೆಚ್ಚಲ್ಲ. ಇದು ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು. ಗೊಬ್ಬರ ಹಾಕಿದ ಮರುವಾರವೇ ಫಸಲು ಕೇಳದ ನಾವು, ಮಾತ್ರೆ ನುಂಗಿದ ಮರುವಾರ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುತ್ತೇವೆ!

ಈ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳತಕ್ಕದ್ದು. ದಿನವೂ ತೆಗೆದುಕೊಂಡರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಪ್ರಾಣಕ್ಕೇ ಅಪಾಯ. ಹಾಗೆ ತಿಳಿಯದೆ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ನಿಮ್ಮೂರ ಸಂತೆಯ ದಿನವನ್ನೇ ಮಾತ್ರೆಯ ದಿನವೆಂದು ಗೊತ್ತು ಮಾಡಿಕೊಂಡರೆ ಮರೆವಿಗೆ ಎಡೆಯಿರದು. ಚೀಟಿಯ ಮೇಲೆ ಆ ವಾರದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಫೋಲಿಕ್ ಆಸಿಡ್ ಮಾತ್ರೆಯನ್ನು ವೈದ್ಯರು ಹೇಳಿದ ಬೇರೆ ದಿನ ನುಂಗಬೇಕು. ಮೊದಮೊದಲು ಕೆಲವು ವಾರಗಳಿಗೊಮ್ಮೆ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಿಸಕೂಡದು. ಹೆಂಡ ಸಾರಾಯಿ ಇದರ ಜೊತೆಗೆ ಸಲ್ಲದು, ಯಕೃತ್ತಿಗೆ ಪೆಟ್ಟು. ಬಸಿರು ಬಯಸುವವರು ತಿಂಗಳುಗಳ ಮೊದಲೇ ವೈದ್ಯರಿಗೆ ತಿಳಿಸಿ ಮದ್ದು ಬದಲಿಸಿಕೊಳ್ಳಬೇಕು. ಜ್ವರ ಬಂದರೆ, ಒಣಕೆಮ್ಮು ಉಬ್ಬಸ ಕಂಡರೆ, ಆ ವಾರದ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕೇಳಬೇಕು. ಇಲಿಜ್ವರವೂ ಮಂಗನ ಕಾಯಿಲೆಯೂ ಇರುವ ಸೀಮೆ ನಮ್ಮದು. ಜ್ವರವನ್ನು ಮನೆಯಲ್ಲಿಟ್ಟುಕೊಂಡು ಕೂರುವುದು ತರವಲ್ಲ.

ಇನ್ನು ‘ಒಂದೇ ಪುಡಿಗೆ ನೋವು ಮಾಯ’ ಎನ್ನುವವರ ಮಾತು. 1948ರಲ್ಲಿ ಅಮೆರಿಕದ ವೈದ್ಯ ಹೆಂಚ್ ಮತ್ತು ಅವರ ಸಂಗಡಿಗರು ಕಾರ್ಟಿಸೋನ್ ಚುಚ್ಚಿದಾಗ, ಹಾಸಿಗೆ ಹಿಡಿದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಆದರೆ ಹೆಚ್ಚು ಕಾಲ ಕೊಟ್ಟಾಗ ಮುಖ ಊದುವುದು, ಎಲುಬು ಟೊಳ್ಳಾಗುವುದು, ಸಕ್ಕರೆ ಕಾಯಿಲೆ ಇವೆಲ್ಲ ಕಂಡುಬಂದವು. ಹೆಸರಿಲ್ಲದ ಪುಡಿಗಳಲ್ಲಿ ಎಷ್ಟೋ ವೇಳೆ ಈ ಜಾತಿಯ ಸ್ಟೀರಾಯ್ಡೇ ಬೆರೆತಿರುತ್ತದೆ. ತಜ್ಞರೂ ಇದನ್ನು ಅಲ್ಪಕಾಲ, ಅಳತೆಯಲ್ಲಿ ಕೊಡುವುದುಂಟು. ಅದು ಬೇರೆ ಮಾತು. ಅಂಥ ಪುಡಿಯನ್ನು ಬಹುದಿನ ತಿಂದವರು ಥಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ವೈದ್ಯರಿಗೆ ತೋರಿಸಿಯೇ ನಿಲ್ಲಿಸಬೇಕು. ತಾಮ್ರದ ಬಳೆಯಿಂದ ಕೆಡುಕೇನೂ ಇಲ್ಲ, ಗುಣವೂ ಇಲ್ಲ. ಇಂಗ್ಲೆಂಡಿನವರು ಪರೀಕ್ಷಿಸಿ 2013ರಲ್ಲಿ ಹಾಗೆಂದು ಪ್ರಕಟಿಸಿದ್ದಾರೆ. ಬೀಡಿ ಮಾತ್ರ ಬಿಡಲೇಬೇಕು. ಅದು ಕಾಯಿಲೆಯನ್ನು ಕೆರಳಿಸುವುದಲ್ಲದೆ ಮದ್ದಿನ ಬಲವನ್ನೂ ಕುಗ್ಗಿಸುತ್ತದೆ.

ದಿನಚರಿಯಲ್ಲಿ ನಮ್ಮ ಮನೆಗಳಿಗೆ ಒಂದು ದೊಡ್ಡ ಅನುಕೂಲವಿದೆ, ಬಚ್ಚಲ ಹಂಡೆ. ಎದ್ದೊಡನೆ ಹದಬಿಸಿ ನೀರಿನಲ್ಲಿ ಕೈಯಿಟ್ಟು ಹತ್ತು ನಿಮಿಷ ಬೆರಳು ಮಡಚಿ ಬಿಡಿಸಿದರೆ ಬಿಗಿತ ಬೇಗ ಸಡಿಲವಾಗುತ್ತದೆ. ಕೈ ಹಿಡಿತದ ಕೆಲಸಗಳನ್ನು ಬೆಳಿಗ್ಗೆ ಆರಕ್ಕೆ ಬದಲಾಗಿ ಒಂಬತ್ತರ ನಂತರ ಇಟ್ಟುಕೊಳ್ಳುವುದು ಲೇಸು. ಕಾಫಿ ಹಣ್ಣು ಬಿಡಿಸುವುದು, ಅಡಿಕೆ ಸುಲಿಯುವುದು ಇವು ಬೆರಳನ್ನು ಒಂದೇ ಭಂಗಿಯಲ್ಲಿ ದಣಿಸುವ ಕೆಲಸಗಳು. ಅರ್ಧ ಗಂಟೆಗೊಮ್ಮೆ ಎದ್ದು ಬೇರೆ ಕೆಲಸಕ್ಕೆ ಕೈಹಾಕಬೇಕು. ಸುಲಿಯುವ ಯಂತ್ರವನ್ನು ನಾಲ್ಕು ಮನೆಯವರು ಸೇರಿ ಬಳಸುವುದಾದರೆ ಮತ್ತೂ ಒಳ್ಳೆಯದು. ಕತ್ತಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದರೆ ಮುಷ್ಟಿ ಬಿಗಿಯುವ ಶ್ರಮ ಕಡಿಮೆ. ಕೊಡ, ಬುಟ್ಟಿಗಳನ್ನು ಬೆರಳಿನಲ್ಲಿ ತೂಗಿಸದೆ ಮುಂಗೈಗೆ, ಸೊಂಟಕ್ಕೆ ಒರಗಿಸಬೇಕು. ಬಟ್ಟೆ ಹಿಂಡುವುದನ್ನು ಮನೆಯ ಗಂಡಸರು ವಹಿಸಿಕೊಂಡರೆ ಏನೂ ಕುಂದಿಲ್ಲ.

ಕೀಲು ಕೆಂಡವಾಗಿ ಊದಿದ ದಿನ ವಿಶ್ರಾಂತಿ ಬೇಕು. ಉಳಿದ ದಿನ ಮಲಗಿಯೇ ಇದ್ದರೆ ಸ್ನಾಯು ಸೊರಗಿ ಕೀಲು ಮತ್ತಷ್ಟು ಬಿಗಿಯುತ್ತದೆ, ನಡೆಯಬೇಕು.

ನಮ್ಮಲ್ಲಿ ಅನೇಕರು ದಿನವೂ ಮಳೆಯ ಲೆಕ್ಕವನ್ನು ಬರೆದಿಡುತ್ತೇವೆ. ಕೀಲುವಾತ ಇರುವ ಮನೆಯಲ್ಲಿ ಅದೇ ಪುಸ್ತಕದ ಪಕ್ಕದ ಅಂಕಣದಲ್ಲಿ, ಆ ದಿನ ಬೆಳಗಿನ ಬಿಗಿತ ಎಷ್ಟು ನಿಮಿಷ ಇತ್ತು, ಯಾವ ಗೆಣ್ಣು ಊದಿತ್ತು, ವಾರದ ಮಾತ್ರೆ ಎಂದು ನುಂಗಿದ್ದು, ಇಷ್ಟನ್ನು ಬರೆದಿಡಿ. ಮುಂದಿನ ಬಾರಿ ವೈದ್ಯರ ಬಳಿ ಹೋಗುವಾಗ ರಕ್ತಪರೀಕ್ಷೆಯ ಚೀಟಿಯೊಡನೆ ಆ ಪುಸ್ತಕವನ್ನೂ ಒಯ್ಯಿರಿ. ಮದ್ದಿನ ಅಳತೆ ಏರಿಸಬೇಕೋ, ಇಳಿಸಬೇಕೋ ಎಂದು ನಿರ್ಧರಿಸಲು ಅವರಿಗೆ ಅದರಿಂದ ಬಹಳ ನೆರವಾಗುತ್ತದೆ.