ಫ್ರಿಜ್ ಒಳಗೊಂದು ಒಲೆ

ಮಕ್ಕಳೇ, ಮಲಯ ಭಾಷೆಯಲ್ಲಿ ಫ್ರಿಜ್‌ಗೆ 'ಪೆತಿ ಸೆಜುಕ್' ಅಂತಾರೆ, ನಿಮಗೆ ಗೊತ್ತೇ ಇದೆ. ಸೆಜುಕ್ ಅಂದರೆ ತಂಪು. ಪೆತಿ ಅಂದರೆ ನಮ್ಮ ಪೆಟ್ಟಿಗೆಯೇ. ತಮಿಳಿನ 'ಪೆಟ್ಟಿ' ಹಡಗು ಹತ್ತಿ ಇಲ್ಲಿಗೆ ಬಂದು ಪೆತಿ ಆಗಿದೆ. ಅಂದರೆ ತಂಪು ಪೆಟ್ಟಿಗೆ. ಆದರೆ ಮನೆಯಲ್ಲಿ ಎಲ್ಲರೂ ಫ್ರಿಜ್ ಅಂತಲೇ ಅನ್ನೋದು, ನಾನೂ ಹಾಗೇ ಬರೆಯುತ್ತೇನೆ. ಅಂಕಿಗಳನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದೇನೆ. ಟೀಚರ್ ಕಲಿಸಿದ್ದು ನೆನಪಿದೆಯಾ ನೋಡೋಣ.

ದೀಪಾವಳಿಗೆ ಎರಡು ವಾರ ಇರುವಾಗ ನಮ್ಮ ಮನೆಯ ಫ್ರಿಜ್ ಕೆಟ್ಟಿತು. ಕೆಟ್ಟಿದೆ ಅಂತ ಮೊದಲು ಯಾರಿಗೂ ಗೊತ್ತಾಗಲಿಲ್ಲ. ಮೇಲಿನ ಫ್ರೀಜರ್ ಚೆನ್ನಾಗೇ ಇತ್ತು. ಐಸ್‌ಕ್ರೀಂ ಗಟ್ಟಿಯಾಗಿತ್ತು, ತೆಂಗಿನ ತುರಿ ಕಲ್ಲಿನ ಹಾಗಿತ್ತು. ಆದರೆ ಕೆಳಗಿಟ್ಟ ದೋಸೆ ಹಿಟ್ಟು ರಾತ್ರಿಯೆಲ್ಲಾ ಉಬ್ಬಿ, ಬೆಳಿಗ್ಗೆ ಪಾತ್ರೆಯಿಂದ ಹೊರಗೆ ಬಂದು ತರಕಾರಿ ಡಬ್ಬಿಯೊಳಗೆ ಇಳಿದಿತ್ತು. "ರೀ, ಮೇಲೆ ಕಲ್ಲು, ಕೆಳಗೆ ಬೆಚ್ಚಗೆ. ಇದೆಂಥಾ ಫ್ರಿಜ್?" ಅಂದಳು ನನ್ನ ಹೆಂಡತಿ.

ಹಿಟ್ಟು ಹೋದರೆ ಹೋಗಲಿ, ಇಡ್ಲಿ ಬದಲು ಉಪ್ಪಿಟ್ಟು ತಿನ್ನಬಹುದು. ಆದರೆ ಆಗ ನಮ್ಮ ಮಾವನವರು ಮೈಸೂರಿನಿಂದ ಬಂದಿದ್ದರು. ಅವರ ಇನ್ಸುಲಿನ್ ಅದೇ ಫ್ರಿಜ್‌ನಲ್ಲಿತ್ತು. ತೆರೆಯದ ಇನ್ಸುಲಿನ್ ೨ರಿಂದ ೮ ಡಿಗ್ರಿಯೊಳಗೆ ಇರಬೇಕು. ಥರ್ಮಾಮೀಟರ್ ಇಟ್ಟು ನೋಡಿದರೆ ೧೪! ತಣ್ಣಗಿದೆಯಲ್ಲಾ ಅಂತ ಫ್ರೀಜರ್‌ಗೆ ಹಾಕುವ ಹಾಗೂ ಇಲ್ಲ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಫಾರ್ಮಸಿಗೆ ಫೋನ್ ಮಾಡಿ ಏನು ಮಾಡಬೇಕೆಂದು ಅವರನ್ನೇ ಕೇಳಿದೆವು. ಅದೇ ರಾತ್ರಿ ಇನ್ಸುಲಿನ್ ಡಬ್ಬಿ ಎದುರು ಮನೆಯ ಮಕ್‌ಚಿಕ್ ಅವರ ಫ್ರಿಜ್ ಸೇರಿತು. ಮಾವನವರು ದಿನಾ ಅವರ ಮನೆಗೆ ಹೋಗಿ ಬರುತ್ತಾ, ಕನ್ನಡದಲ್ಲೇ "ನಮಸ್ಕಾರಮ್ಮ" ಅನ್ನುವುದನ್ನು ಅವರಿಗೂ ಕಲಿಸಿಬಿಟ್ಟರು.

ಊರಲ್ಲಿರುವ ನನ್ನ ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಮಧ್ಯದಲ್ಲಿ ಒಂದು ಬಟನ್ ಇರುತ್ತಲ್ಲೋ, ಅದನ್ನ ಒತ್ತೋ" ಅಂದರು. ಅವರು ಹೇಳಿದ್ದು ಹಳೇ ಒಂಟಿ ಬಾಗಿಲ ಫ್ರಿಜ್ ಬಗ್ಗೆ. ನಾನು ಚಿಕ್ಕವನಿದ್ದಾಗ ನಮ್ಮನೆಯಲ್ಲೂ ಅಂಥದ್ದೇ ಇತ್ತು. ಒಳಗಿನ ಐಸ್ ಪೆಟ್ಟಿಗೆಯ ಸುತ್ತ ಬಿಳಿ ಗಡ್ಡ ಬೆಳೆಯುತ್ತಿತ್ತು. ವಾರಕ್ಕೊಮ್ಮೆ ತಿರುಗಣೆಯ ನಡುವಿನ ಬಟನ್ ಒತ್ತಿದರೆ ಮಿಷನ್ ನಿಂತು ಐಸ್ ಕರಗಿ ತಟ್ಟೆಗೆ ಬೀಳುತ್ತಿತ್ತು. ತಟ್ಟೆ ತೆಗೆಯೋದು ಮರೆತರೆ ಅಡುಗೆಮನೆ ತುಂಬಾ ನೀರು, ಜೊತೆಗೆ ಬೈಗುಳ.

ಈಗಿನ ಎರಡು ಬಾಗಿಲ ಫ್ರಿಜ್‌ಗಳಲ್ಲಿ ಆ ಬಟನ್ ಇಲ್ಲ, 'ಫ್ರಾಸ್ಟ್ ಫ್ರೀ' ಅಂತ ಬರೆದಿರುತ್ತೆ. ಅವುಗಳಲ್ಲಿ ಐಸ್ ಕಟ್ಟೋದೇ ಇಲ್ಲ ಅಂತ ನಾನೂ ತುಂಬಾ ವರ್ಷ ನಂಬಿದ್ದೆ. ಅದು ತಪ್ಪು. ಐಸ್ ಕಟ್ಟುತ್ತೆ, ದಿನಾ ಕಟ್ಟುತ್ತೆ. ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಆಚೆ ಒಂದು ಅಲ್ಯೂಮಿನಿಯಂ ಕಾಯಿಲ್ ಇದೆ. ಇಡೀ ಫ್ರಿಜ್‌ಗೆ ತಂಪು ಹುಟ್ಟುವುದು ಅಲ್ಲೊಂದೇ ಕಡೆ. ಪಕ್ಕದ ಸಣ್ಣ ಫ್ಯಾನ್ ಆ ತಂಪು ಗಾಳಿಯನ್ನು ಫ್ರೀಜರ್‌ಗೂ, ಒಂದು ಕೊಳವೆಯ ಮೂಲಕ ಕೆಳಗಿನ ಭಾಗಕ್ಕೂ ತಳ್ಳುತ್ತೆ. ಗಾಳಿಯಲ್ಲಿರುವ ನೀರಿನ ಆವಿ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತೆ. ಅದಕ್ಕೇ ಕಾಯಿಲ್ ಕೆಳಗೆ ಒಂದು ಹೀಟರ್ ಇಟ್ಟಿರುತ್ತಾರೆ! ಕೆಲವು ಗಂಟೆಗಳಿಗೊಮ್ಮೆ ಕಂಪ್ರೆಸರ್ ನಿಂತು, ಹೀಟರ್ ೨೦ ನಿಮಿಷದಷ್ಟು ಉರಿದು, ಹಿಮವನ್ನು ಕರಗಿಸುತ್ತೆ. ನೀರು ಒಂದು ತೂತಿನಿಂದ ಇಳಿದು ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ಬಿದ್ದು, ಅದರ ಬಿಸಿಗೆ ಆರಿಹೋಗುತ್ತೆ. ಇಷ್ಟೆಲ್ಲಾ ನಮಗೆ ಗೊತ್ತೇ ಆಗದ ಹಾಗೆ ನಡೆಯುತ್ತೆ. ರಾತ್ರಿ ಫ್ರಿಜ್‌ನಿಂದ 'ಟಿಕ್ ಟಿಕ್' ಅಂತಲೋ 'ಚುಯ್' ಅಂತಲೋ ಶಬ್ದ ಬಂದರೆ ಹೆದರಬೇಡಿ, ಹೀಟರ್ ಮೇಲೆ ನೀರು ತೊಟ್ಟಿಕ್ಕುತ್ತಿರಬಹುದು.

ದಿನಕ್ಕೆ ಎಷ್ಟು ಹಿಮ? ನನ್ನ ಮಗಳು ಒಂದು ಭಾನುವಾರ ಫ್ರಿಜ್ ಬಾಗಿಲಿಗೆ ಕಾಗದ ಅಂಟಿಸಿ, ತೆಗೆದಾಗಲೆಲ್ಲ ಒಂದು ಗೆರೆ ಹಾಕಲು ಹೇಳಿದಳು. ರಾತ್ರಿಗೆ ೩೧ ಗೆರೆ. ಅದರಲ್ಲಿ ಅರ್ಧ ನನ್ನ ಮಗನದು. ಬಾಗಿಲು ತೆಗೆದು ಏನೂ ಎತ್ತಿಕೊಳ್ಳದೆ ಯೋಚನೆ ಮಾಡುತ್ತಾ ನಿಲ್ಲೋದು ಅವನ ಅಭ್ಯಾಸ. ಈಗ ಲೆಕ್ಕ. ೩೦ ಡಿಗ್ರಿ ಬಿಸಿ, ಶೇಕಡಾ ೮೦ ತೇವಾಂಶ ಇರುವ ಕ್ವಾಲಾಲಂಪುರದ ಹವೆಯಲ್ಲಿ, ಒಂದು ಘನ ಮೀಟರ್ ಗಾಳಿಯೊಳಗೆ ಸುಮಾರು ೨೪ ಗ್ರಾಂ ನೀರಿರುತ್ತೆ. ನಮ್ಮ ಫ್ರಿಜ್ ೩೦೦ ಲೀಟರ್, ಅಂದರೆ ೦.೩ ಘನ ಮೀಟರ್. ಬಾಗಿಲು ತೆಗೆದಾಗ ಒಳಗಿನ ಗಾಳಿಯೆಲ್ಲಾ ಬದಲಾದರೆ ೭ ಗ್ರಾಂ ನೀರು ಒಳಗೆ ಬಂದ ಹಾಗೆ. ೩೧ ಸಲಕ್ಕೆ? ಸುಮಾರು ೨೨೦ ಗ್ರಾಂ, ಒಂದು ದೊಡ್ಡ ಲೋಟ. ಪೂರ್ತಿ ಗಾಳಿ ಬದಲಾಗೋದಿಲ್ಲ ನಿಜ, ಆದರೆ ಮುಚ್ಚದ ಸಾರು, ತೊಳೆದಿಟ್ಟ ಕೊತ್ತಂಬರಿ ಕೊಡುವ ತೇವವೂ ಸೇರಿಕೊಳ್ಳುತ್ತೆ. ಚಳಿಗಾಲದ ಬೆಂಗಳೂರಿನಲ್ಲಿ ೨೦ ಡಿಗ್ರಿ, ಅರ್ಧ ತೇವಾಂಶ ಅಂದುಕೊಳ್ಳಿ. ಆಗ ಅಷ್ಟೇ ಗಾಳಿಯಲ್ಲಿ ೯ ಗ್ರಾಂ ಕೂಡ ಇರೋದಿಲ್ಲ. ಅಲ್ಲಿ ನಿಧಾನವಾಗಿ ಕಾಣಿಸುವ ತೊಂದರೆ ಇಲ್ಲಿ ಬೇಗ ಕಾಣಿಸುತ್ತೆ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮೊದಲು ಮಾಡಿದ್ದು ಸಾಫ್ಟ್‌ವೇರ್‌ನವರೆಲ್ಲಾ ಮಾಡುವುದನ್ನೇ. ಆಫ್ ಮಾಡಿ ಆನ್ ಮಾಡಿದೆ. ಸಾಮಾನೆಲ್ಲಾ ಹೊರಗಿಟ್ಟು, ಎರಡೂ ಬಾಗಿಲು ತೆರೆದು, ಒಂದು ದಿನ ಪೂರ್ತಿ ಬಿಟ್ಟೆ. ಮಾರನೇ ದಿನ ಹಾಕಿದರೆ ಕೆಳಗೆ ೪ ಡಿಗ್ರಿ! "ರಿಪೇರಿ ಆಯ್ತು" ಅಂತ ಎಲ್ಲರಿಗೂ ಹೇಳಿದೆ. ದೀಪಾವಳಿ ಚೆನ್ನಾಗೇ ಆಯಿತು. ಹನ್ನೆರಡನೇ ದಿನ ಮತ್ತೆ ೧೩ ಡಿಗ್ರಿ. ಮತ್ತೆ ಆಫ್, ಮತ್ತೆ ಆನ್, ಮತ್ತೆ ಹನ್ನೆರಡು ದಿನ. ಪುಣ್ಯಕ್ಕೆ ಇನ್ಸುಲಿನ್ ವಾಪಸ್ ತಂದಿರಲಿಲ್ಲ. ಮಾವನವರು "ಇರಲಿ ಬಿಡಿ, ಇನ್ನೊಂದಿಷ್ಟು ದಿನ ನೋಡೋಣ" ಅಂದಿದ್ದರು. ನನ್ನ ರಿಪೇರಿ ಮೇಲೆ ಅವರಿಗೆ ಎಷ್ಟು ನಂಬಿಕೆ ಅಂತ ಆಗ ಅರ್ಥವಾಗಿರಲಿಲ್ಲ.

ಆ ಹನ್ನೆರಡು ದಿನಗಳೇ ಉತ್ತರ ಹೇಳುತ್ತಿದ್ದವು, ನಾನು ಕೇಳಿಸಿಕೊಳ್ಳಲಿಲ್ಲ. ಕರಗಿಸಿದ ಮೇಲೆ ಅಷ್ಟು ದಿನ ಸರಿಯಾಗಿ ನಡೆದರೆ ಕಂಪ್ರೆಸರ್ ಸರಿಯಿದೆ, ಗ್ಯಾಸ್ ಇದೆ, ಫ್ಯಾನ್ ತಿರುಗುತ್ತಿದೆ ಅಂತಾಯಿತು. ಉಳಿದಿದ್ದು ಒಂದೇ, ದಿನಾ ಕರಗಬೇಕಾದ ಹಿಮ ಕರಗುತ್ತಿಲ್ಲ. ಕಾಯಿಲ್ ರೆಕ್ಕೆಗಳ ನಡುವೆ ಹಿಮ ತುಂಬಿದರೆ ಗಾಳಿ ನುಗ್ಗಲು ಜಾಗ ಇರೋದಿಲ್ಲ. ಫ್ರೀಜರ್ ಪಕ್ಕದಲ್ಲೇ ಇರೋದರಿಂದ ತಣ್ಣಗಿರುತ್ತೆ, ಕೆಳಗಿನ ಭಾಗಕ್ಕೆ ಮಾತ್ರ ಗಾಳಿ ತಲುಪೋದಿಲ್ಲ. ಹಿಮ ತಣ್ಣಗಿದ್ದರೂ ಕಂಬಳಿಯ ಹಾಗೆ, ಒಳಗಿನ ತಂಪನ್ನು ಹೊರಗೆ ಬಿಡೋದಿಲ್ಲ.

ಮೂರನೇ ಸಲ ಬಕೆಟ್ ಇಟ್ಟು ಕರಗಿದ ನೀರು ಅಳೆದೆವು: ಎರಡು ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ ೨೦೦ ಗ್ರಾಂನಂತೆ ಹನ್ನೆರಡು ದಿನಕ್ಕೆ ಎಷ್ಟಾಗುತ್ತೆ ನೋಡಿ. ಮಗಳ ಗೆರೆ ಲೆಕ್ಕ ಹತ್ತಿರ ಹತ್ತಿರ ಸರಿ ಇತ್ತು.

ಹೀಟರ್ ಯಾಕೆ ಉರಿಯುತ್ತಿಲ್ಲ? ಕಂಪ್ಯೂಟರ್ ಕೆಲಸದವನಾದ ನನಗೆ ಎಲ್ಲದಕ್ಕೂ ಸರ್ಕಿಟ್ ಬೋರ್ಡೇ ಕಾರಣ ಅನ್ನಿಸುತ್ತೆ. ನಾಲ್ಕುನೂರು ರಿಂಗಿಟ್‌ನ ಬೋರ್ಡ್ ಆರ್ಡರ್ ಮಾಡಲು ಕೂತಾಗ ಮಗಳು ಕೇಳಿದಳು: "ಅಪ್ಪಾ, ಹೀಟರ್ ಸರಿ ಇದ್ಯಾ ಅಂತ ನೋಡಿದ್ಯಾ?" ನೋಡಿರಲಿಲ್ಲ.

ಪ್ಲಗ್ ಕಿತ್ತು, ಎಲ್ಲರಿಗೂ ಕಾಣುವ ಹಾಗೆ ನೆಲದ ಮೇಲಿಟ್ಟೆ. ಇದು ದೊಡ್ಡವರ ಕೆಲಸ, ಮಕ್ಕಳು ದೂರ ನಿಂತು ನೋಡಬಹುದು. ಚಾಕುವಿನಿಂದ ಐಸ್ ಕುಟ್ಟಲೇಬೇಡಿ. ಕಾಯಿಲ್ ಕೊಳವೆ ಬಹಳ ತೆಳು. ಒಂದು ತೂತಾದರೆ ಗ್ಯಾಸ್ ಹೋಗುತ್ತೆ, ಅದರ ಹಿಂದೆ ಫ್ರಿಜ್ಜೂ ಹೋಗುತ್ತೆ. ಹಿಂಬದಿಯ ಚೀಟಿಯಲ್ಲಿ ಆರ್-೬೦೦ಎ ಅಂತ ಇದ್ದರೆ ಅದು ಐಸೊಬ್ಯೂಟೇನ್, ಬೆಂಕಿ ಹತ್ತುವ ಗ್ಯಾಸ್. ನಾವು ಬಿಸಿನೀರಿನ ಪಾತ್ರೆ ಒಳಗಿಟ್ಟು, ಟವೆಲ್ ಹಾಸಿ, ಕಾದೆವು. ಹಲಗೆ ತೆಗೆದಾಗ ಕಾಯಿಲ್ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಬಿಳಿಯಾಗಿತ್ತು. ಒಂದೇ ಮೂಲೆಯಲ್ಲಿ ಹಿಮ, ಉಳಿದದ್ದು ಬರಿದು ಅಂತಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು, ಅದಕ್ಕೆ ಮೆಕ್ಯಾನಿಕ್ ಬೇಕು.

ಹೀಟರ್ ಮೇಲೆ ೧೫೦ ವ್ಯಾಟ್ ಅಂತ ಬರೆದಿತ್ತು. ಇಲ್ಲಿನ ಕರೆಂಟ್ ೨೩೦ ವೋಲ್ಟ್. ೨೩೦ನ್ನು ೨೩೦ರಿಂದಲೇ ಗುಣಿಸಿ ೧೫೦ರಿಂದ ಭಾಗಿಸಿದರೆ ಸುಮಾರು ೩೫೩ ಓಮ್ ಬರಬೇಕು. ಮಲ್ಟಿಮೀಟರ್ ೩೪೮ ತೋರಿಸಿತು, ಹೀಟರ್ ಆರೋಗ್ಯವಾಗಿದೆ. ಪಕ್ಕದ ಥರ್ಮಲ್ ಫ್ಯೂಸ್ ಕೂಡ ಸರಿ ಇತ್ತು. ಉಳಿದದ್ದು ಕಾಯಿಲ್‌ಗೆ ಕಚ್ಚಿಕೊಂಡಿದ್ದ ಬೈಮೆಟಲ್ ಎಂಬ ಬಿಲ್ಲೆ, ಹಳೇ ಐವತ್ತು ಪೈಸೆ ನಾಣ್ಯದಷ್ಟು ದೊಡ್ಡದು. ಒಳಗೆ ಎರಡು ಲೋಹ ಬೆಸೆದ ತಗಡು ಇರುತ್ತೆ. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಕುಗ್ಗುವುದರಿಂದ ಚಳಿಗೆ ತಗಡು ಬಾಗಿ ಕರೆಂಟ್ ದಾರಿ ಮುಚ್ಚುತ್ತೆ, ಹೀಟರ್ ಉರಿಯಬಹುದು. ಕಾಯಿಲ್ ಬೆಚ್ಚಗಾದರೆ ವಾಪಸ್ ಬಾಗಿ ದಾರಿ ಬಿಡಿಸುತ್ತೆ, ಹೀಟರ್ ಆರುತ್ತೆ.

ಮೀಟರ್ ಹಿಡಿದೆ, ದಾರಿ ತೆರೆದೇ ಇತ್ತು. "ಸಿಕ್ಕಿತು ಕಳ್ಳ!" ಅಂದೆ. ಆಮೇಲೆ ನೆನಪಾಯಿತು, ಕೋಣೆಯ ಬಿಸಿಯಲ್ಲಿ ಅದು ತೆರೆದಿರಲೇಬೇಕು! ಒಳ್ಳೆ ಬಿಲ್ಲೆಯನ್ನೂ ಕೆಟ್ಟಿದೆ ಅಂತ ಎಸೆದುಬಿಡುವುದು ಇಲ್ಲೇ. ಸರಿಯಾದ ಪರೀಕ್ಷೆ ಚಳಿಯಲ್ಲಿ ಆಗಬೇಕು. ಒಂದು ಲೋಟಕ್ಕೆ ಪುಡಿ ಐಸ್, ಮೂರು ಚಮಚ ಉಪ್ಪು ಹಾಕಿ ಕಲಸಿದೆವು. ಥರ್ಮಾಮೀಟರ್ ಸೊನ್ನೆ ದಾಟಿ ಮೈನಸ್ ೧೨ಕ್ಕೆ ಇಳಿಯಿತು. ಮಗ ಕೇಳಿದ: "ಉಪ್ಪು ಹಾಕಿದ್ರೆ ಐಸ್ ಕರಗುತ್ತಲ್ಲ, ಮತ್ತೆ ಇನ್ನೂ ತಣ್ಣಗೆ ಹೇಗಾಗುತ್ತೆ?"

ಒಳ್ಳೆ ಪ್ರಶ್ನೆ. ಐಸ್ ಕರಗಲು ಶಾಖ ಬೇಕು, ಒಂದು ಗ್ರಾಂಗೆ ೩೩೪ ಜೂಲ್. ಆ ಶಾಖ ಉಷ್ಣತೆಯನ್ನು ಏರಿಸುವುದಿಲ್ಲ, ಕರಗಿಸುವುದಕ್ಕೇ ಖರ್ಚಾಗುತ್ತೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಬ್ಲ್ಯಾಕ್ ೧೭೬೦ರ ದಶಕದ ಆರಂಭದಲ್ಲೇ ಇದನ್ನು ಅಳೆದು ತೋರಿಸಿದ್ದರು. ಕನ್ನಡದಲ್ಲಿ ಗುಪ್ತೋಷ್ಣ ಅಂತಾರೆ, ಅಡಗಿದ ಶಾಖ. ಉಪ್ಪು ಐಸನ್ನು ಬಲವಂತವಾಗಿ ಕರಗಿಸುತ್ತೆ. ಬೇಕಾದ ಶಾಖವನ್ನು ಐಸ್ ತನ್ನಿಂದಲೇ, ಸುತ್ತಲಿನ ನೀರಿನಿಂದಲೇ ಕಿತ್ತುಕೊಳ್ಳಬೇಕು. ಅದಕ್ಕೇ ಇನ್ನೂ ತಣ್ಣಗಾಗುತ್ತೆ. ಊರಿನಲ್ಲಿ ಕುಲ್ಫಿ ಮಾರುವವರ ಮಡಕೆಯಲ್ಲಿ ಐಸ್ ಜೊತೆ ಕಲ್ಲುಪ್ಪು ಇರೋದೂ ಇದಕ್ಕೇ.

ಬಿಲ್ಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ವೈರ್ ಮಾತ್ರ ಹೊರಗಿಟ್ಟು, ಲೋಟದಲ್ಲಿ ಮುಳುಗಿಸಿದೆವು. ಹದಿನೈದು ನಿಮಿಷ ಕಾದರೂ ಮೀಟರ್ ಮಾತಾಡಲಿಲ್ಲ. ಈಗ ಖಾತ್ರಿಯಾಯಿತು. ಶನಿವಾರ ಪುಡುವಿನ ಜಾಲಾನ್ ಪಸಾರ್‌ಗೆ ಹೋಗಿ, ಹಳೆಯದನ್ನು ತೋರಿಸಿ, ಅದೇ ಅಂಕಿ ಬರೆದಿರುವ ಹೊಸದನ್ನು ತಂದೆ. ಇಪ್ಪತ್ತು ರಿಂಗಿಟ್ ಕೂಡ ಆಗಲಿಲ್ಲ. ಜೋಡಿಸುವ ಮುಂಚೆ ಅದನ್ನೂ ಐಸ್ ಲೋಟಕ್ಕೆ ಹಾಕಿದೆವು. ಕೆಲವು ನಿಮಿಷಕ್ಕೆ 'ಟಕ್' ಅಂತ ಸಣ್ಣ ಶಬ್ದ, ಮೀಟರ್ 'ಬೀಪ್' ಅಂತು. ಮಕ್ಕಳಿಬ್ಬರೂ ಕುಣಿದರು.

ಪಾಲಕರಿಗೆ ಎರಡು ಮಾತು. ಇದೇ ತೊಂದರೆಗೆ ಬೇರೆ ಕಾರಣಗಳೂ ಇರುತ್ತವೆ. ಬಾಗಿಲ ರಬ್ಬರ್ ನಡುವೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ, ಮೊದಲು ಸೋಪು ನೀರಲ್ಲಿ ಒರೆಸಿ ನೋಡಿ. ಫ್ರೀಜರ್ ನೆಲದ ಮೇಲೆ ಗಾಜಿನಂಥ ಐಸ್ ಹಾಳೆ ಇದ್ದರೆ ನೀರಿಳಿಯುವ ತೂತು ಕಟ್ಟಿದೆ ಅಂತ, ಬಿಸಿನೀರು ಬಿಟ್ಟರೆ ಸಾಕಾಗಬಹುದು. ವೈರ್ ಕೆಲಸ ಗೊತ್ತಿಲ್ಲದವರು ಹಲಗೆ ಬಿಚ್ಚದೆ ಮೆಕ್ಯಾನಿಕ್ ಅನ್ನೇ ಕರೆಯಿರಿ. ಆದರೆ "ಫ್ರಿಜ್ ತಣ್ಣಗಾಗ್ತಿಲ್ಲ" ಅಂತಷ್ಟೇ ಹೇಳಬೇಡಿ. "ಪೂರ್ತಿ ಕರಗಿಸಿದರೆ ಇಷ್ಟು ದಿನ ಸರಿ ಇರುತ್ತೆ, ಆಮೇಲೆ ಕೆಳಗೆ ಮಾತ್ರ ಬಿಸಿಯಾಗುತ್ತೆ" ಅಂತ ದಿನ ಎಣಿಸಿ ಹೇಳಿ. ಗ್ಯಾಸ್ ತುಂಬುವ ಖರ್ಚು ಉಳಿಯಬಹುದು.

ಹನ್ನೆರಡನೇ ದಿನ ಬಂತು, ೪ ಡಿಗ್ರಿ. ಇಪ್ಪತ್ತನೇ ದಿನವೂ ೪. ಅವತ್ತು ಮಾವನವರು ತಾವೇ ಹೋಗಿ ಇನ್ಸುಲಿನ್ ಡಬ್ಬಿ ವಾಪಸ್ ತಂದರು. ಮಕ್‌ಚಿಕ್ ಅದರ ಜೊತೆ ಒಂದು ಡಬ್ಬಿ ಕುಯಿ ಕಳಿಸಿದ್ದರು.

ಮಕ್ಕಳೇ, ನಿಮಗೊಂದು ಲೆಕ್ಕ. ಹೊಸ ಬಿಲ್ಲೆ ಹಾಕುವಾಗ ಕಾಯಿಲ್ ಮೇಲಿದ್ದ ಎರಡು ಕಿಲೋ ಐಸನ್ನು ನಾವು ಕರಗಿಸದೆ ಹಾಗೇ ಬಿಟ್ಟಿದ್ದರೆ, ೧೫೦ ವ್ಯಾಟ್ ಹೀಟರ್ ಅದನ್ನು ಕರಗಿಸಲು ಎಷ್ಟು ನಿಮಿಷ ಬೇಕಿತ್ತು? ಒಂದು ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್. ಅದಕ್ಕೆ ಒಂದು ಸಲಕ್ಕೆ ಸಿಗುವುದು ೨೦ ನಿಮಿಷ ಮಾತ್ರ, ಸಾಕಾಗುತ್ತಿತ್ತಾ? ಉತ್ತರ ಸಿಕ್ಕವರು ತರಗತಿ ಬಿಟ್ಟ ಮೇಲೆ ಬನ್ನಿ, ನಾನು ಚಹಾ ಫ್ಲಾಸ್ಕ್ ಹತ್ತಿರ ನಿಂತಿರುತ್ತೇನೆ.